ತಜಸ್ಸುಸ್ ಮತ್ತು ಕಾನೂನು: ನ್ಯೂಯಾರ್ಕಿನ ಮಸೀದಿಗಳಲ್ಲಿ ನಡೆದದ್ದು

ಸೂರಃ ಅಲ್‌ಹುಜುರಾತ್‌ನ 12ನೇ ವಚನದ ಬಗ್ಗೆ ಕಳೆದ ತಿಂಗಳು ಜುಮಾ ಖುತ್ಬಾದಲ್ಲಿ ಮಾತನಾಡಿದ್ದೆವು. ಅತಿಯಾದ ಗುಮಾನಿ, ಇತರರ ಗುಟ್ಟು ಕೆದಕುವುದು, ಪರದೂಷಣೆ ಈ ಮೂರನ್ನೂ ಅಲ್ಲಾಹನು ಅಲ್ಲಿ ಒಟ್ಟಿಗೇ ನಿಷೇಧಿಸಿದ್ದಾನೆ. ನಮಾಝ್ ಮುಗಿದ ಮೇಲೆ ಕೆಲವು ಯುವಕರು ಬಂದು ಕೇಳಿದರು: “ಉಸ್ತಾದರೇ, ನೆರೆಮನೆಯವನ ಗುಟ್ಟು ಕೆದಕಬಾರದು, ಸರಿ. ಪೊಲೀಸರು ವೇಷ ಮರೆಸಿ ಬಂದರೆ ಅದೂ ತಜಸ್ಸುಸ್ ಆಗುತ್ತದೆಯೇ?” ಮಸೀದಿಯ ಮೆಟ್ಟಿಲಲ್ಲಿ ನಿಂತು ಮುಗಿಸುವ ಪ್ರಶ್ನೆಯಲ್ಲ ಅದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮಾದಕ ದ್ರವ್ಯ ಮಾರುವವರನ್ನು, ಮಕ್ಕಳನ್ನು ಕದ್ದು ಸಾಗಿಸುವವರನ್ನು ಖಾಕಿ ತೊಟ್ಟು ಹೋಗಿ ಹಿಡಿಯಲಾಗದು. ಮಫ್ತಿಯಲ್ಲೇ ಹೋಗಬೇಕು. (ಈ ‘ಮಫ್ತಿ’ ಎಂಬ ಮಾತು ನಮ್ಮ ‘ಮುಫ್ತಿ’ಯಿಂದಲೇ ಬಂದದ್ದೆಂದು ಹೇಳುತ್ತಾರೆ!) ಜನರ ಪ್ರಾಣ, ಮಾನ, ಸೊತ್ತನ್ನು ಕಾಯುವುದು ಆಡಳಿತದ ಹೊಣೆ. ಅದಕ್ಕೆ ಶರೀಅತ್‌ನ ಅಡ್ಡಿಯಿಲ್ಲ. ಆದರೆ ಆ ಕೆಲಸಕ್ಕೂ ಒಂದು ಮಿತಿಯಿದೆ. ಹ. ಉಮರ್(ರ) ಒಂದು ರಾತ್ರಿ ಮನೆಯೊಂದರಿಂದ ಹಾಡಿನ ಸದ್ದು ಕೇಳಿ ಗೋಡೆ ಹತ್ತಿ ಒಳಗಿಳಿದ ಘಟನೆಯನ್ನು ವಿದ್ವಾಂಸರು ಉಲ್ಲೇಖಿಸಿದ್ದಾರೆ. ಒಳಗಿದ್ದವನು ತಪ್ಪು ಮಾಡುತ್ತಿದ್ದುದು ನಿಜ. ಆದರೆ ಅವನು ಖಲೀಫರಿಗೆ, ನನ್ನದು ಒಂದು ತಪ್ಪು, ತಮ್ಮದು ಮೂರು ಎಂದ. ಗುಟ್ಟು ಕೆದಕಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿದಿರಿ, ಅನುಮತಿಯನ್ನೂ ಕೇಳಲಿಲ್ಲ, ಸಲಾಮನ್ನೂ ಹೇಳಲಿಲ್ಲ ಎಂದು ಮೂರಕ್ಕೂ ಕುರ್‌ಆನಿನ ಆಧಾರವನ್ನೇ ಕೊಟ್ಟ. ಅಮೀರುಲ್ ಮೂಮಿನೀನರು ಅದನ್ನು ಒಪ್ಪಿಕೊಂಡರು. ಕಾಯುವವನೂ ನಿಯಮಕ್ಕೆ ಒಳಪಟ್ಟವನೇ.

ಆ ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂಯಾರ್ಕ್ ನಗರ ಸಾಕ್ಷಿ. ಅಲ್ಲಿನ ಪೊಲೀಸರು ರಾಜಕೀಯ ಗುಂಪುಗಳೊಳಗೆ ಗೂಢಚಾರರನ್ನು ನುಗ್ಗಿಸುತ್ತಾರೆಂದು ಬಾರ್ಬರಾ ಹ್ಯಾಂಡ್‌ಶು ಮತ್ತಿತರರು 1971ರಲ್ಲಿ ದಾವೆ ಹೂಡಿದ್ದರು. 1985ರಲ್ಲಿ ಅದು ರಾಜಿಯಲ್ಲಿ ಮುಗಿದು ‘ಹ್ಯಾಂಡ್‌ಶು ನಿಯಮಗಳು’ ಬಂದವು. ಅಪರಾಧದ ನಿರ್ದಿಷ್ಟ ಮಾಹಿತಿ ಇರಬೇಕು, ಮೂವರ ಸಮಿತಿ ಒಪ್ಪಬೇಕು, ಆ ಮೂವರಲ್ಲಿ ಒಬ್ಬರು ಪೊಲೀಸ್ ಇಲಾಖೆಯ ಹೊರಗಿನವರಾಗಿರಬೇಕು. 2001ರ ದಾಳಿಯ ಬಳಿಕ ಪೊಲೀಸರು ಈ ನಿಯಮಗಳು ಅಡ್ಡಿಯೆಂದು ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ಅವು ಸಡಿಲಗೊಂಡವು.

ಮುಂದಿನದ್ದು 2011ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿಗಾರರು ಇಲಾಖೆಯ ದಾಖಲೆಗಳನ್ನು ಹೊರತಂದಾಗಲೇ ಜಗತ್ತಿಗೆ ತಿಳಿದದ್ದು. ‘ಡೆಮೋಗ್ರಾಫಿಕ್ಸ್ ಯೂನಿಟ್’ ಎಂಬ ಘಟಕ ಮುಸ್ಲಿಮರ ಹೋಟೆಲು, ದಿನಸಿ ಅಂಗಡಿ, ಪುಸ್ತಕದಂಗಡಿಗಳಲ್ಲಿ ಕೂತು ಯಾರು ಏನು ಮಾತನಾಡುತ್ತಾರೆಂದು ಬರೆದುಕೊಳ್ಳುತ್ತಿತ್ತು. ಮಸೀದಿಗಳಿಗೆ ಹೋಗಿ ಖುತ್ಬಾ ವರದಿ ಮಾಡಲು ಮಾಹಿತಿದಾರರಿದ್ದರು. 2008ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳು ನದಿಯಲ್ಲಿ ರ‍್ಯಾಫ್ಟಿಂಗ್‌ಗೆ ಹೋದಾಗ ಒಬ್ಬ ಮಫ್ತಿ ಪೊಲೀಸನೂ ಜೊತೆಗಿದ್ದ. ಅವರು ದಿನಕ್ಕೆ ಎಷ್ಟು ಸಲ ನಮಾಝ್ ಮಾಡಿದರೆಂಬುದೂ ಅವನ ವರದಿಯಲ್ಲಿತ್ತು. ನಮಾಝ್ ಎಣಿಸುವುದು ಯಾವ ಅಪರಾಧದ ತನಿಖೆ?

ಇಷ್ಟಕ್ಕೂ ಸಿಕ್ಕಿದ್ದೇನು? ಆ ವಿಭಾಗದ ಮುಖ್ಯಸ್ಥರಾಗಿದ್ದ ಥಾಮಸ್ ಗಲಾಟಿ 2012ರಲ್ಲಿ ಪ್ರಮಾಣ ಮಾಡಿ ಸಾಕ್ಷ್ಯ ನುಡಿದರು. 2006ರಿಂದ ತಮ್ಮ ಅವಧಿಯಲ್ಲಿ ಆ ಘಟಕದ ವರದಿಗಳಿಂದ ಭಯೋತ್ಪಾದನೆಯ ಒಂದು ಸುಳಿವೂ ಹುಟ್ಟಲಿಲ್ಲ ಎಂದರು.

ನಷ್ಟ ಮಾತ್ರ ದೊಡ್ಡದಿತ್ತು. ಮಸೀದಿಗೆ ಹೊಸಬನೊಬ್ಬ ಬಂದರೆ ಸಲಾಮಿಗೆ ಮೊದಲು ಸಂಶಯ. ಯುವಕರ ಚರ್ಚಾಕೂಟದಲ್ಲಿ ಯಾರೂ ಬಾಯಿ ಬಿಡರು. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವನನ್ನು ಅಪ್ಪಿಕೊಳ್ಳಬೇಕಾದ ಜಮಾಅತ್ ಅವನಿಂದ ದೂರ ಸರಿಯಿತು. ಸಣ್ಣ ಕೇಸಿನಲ್ಲಿ ಸಿಕ್ಕಿಬಿದ್ದು ಮಾಹಿತಿದಾರನಾದ 19ರ ಹುಡುಗನೊಬ್ಬ, ಪ್ರಚೋದನಕಾರಿ ಮಾತೆತ್ತಿ ಎದುರಿನವರ ಉತ್ತರವನ್ನು ವರದಿ ಮಾಡುವುದೇ ತನ್ನ ಕೆಲಸವಾಗಿತ್ತೆಂದು ಆಮೇಲೆ ಒಪ್ಪಿಕೊಂಡ. ಆಡಳಿತಗಾರನು ಜನರಲ್ಲಿ ಗುಮಾನಿಯನ್ನೇ ಹುಡುಕುತ್ತಾ ಹೋದರೆ ಅವರನ್ನು ಕೆಡಿಸಿಬಿಡುತ್ತಾನೆಂದು ಪ್ರವಾದಿ(ಸ) ಎಚ್ಚರಿಸಿರುವುದು ಅಬೂದಾವೂದ್‌ನಲ್ಲಿದೆ. ಆ ಹುಡುಗನ ತಪ್ಪೊಪ್ಪಿಗೆಯನ್ನು ಓದಿದಾಗ ನಮಗೆ ಈ ಹದೀಸ್ ನೆನಪಾಯಿತು.

ಅಲ್ಲಿನ ಮುಸ್ಲಿಮರು ಕಲ್ಲೆಸೆಯಲಿಲ್ಲ, ಮನೆಯಲ್ಲಿ ಅಡಗಿಯೂ ಕೂರಲಿಲ್ಲ. ಕೋರ್ಟಿಗೆ ಹೋದರು. ನ್ಯೂಜೆರ್ಸಿಯವರ ದಾವೆಯನ್ನು 2014ರಲ್ಲಿ ಕೆಳ ನ್ಯಾಯಾಲಯ ವಜಾ ಮಾಡಿತು. ಹಾನಿಯಾದದ್ದು ಪೊಲೀಸರಿಂದಲ್ಲ, ಅದನ್ನು ಬಯಲು ಮಾಡಿದ ಪತ್ರಕರ್ತರಿಂದ ಎಂಬ ವಿಚಿತ್ರ ವಾದ! 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿ ದಾವೆಗೆ ಮತ್ತೆ ಜೀವ ಕೊಟ್ಟಿತು. ಅಷ್ಟರಲ್ಲಿ 2014ರ ಏಪ್ರಿಲ್‌ನಲ್ಲೇ ಆ ಘಟಕವನ್ನು ಮುಚ್ಚಲಾಗಿತ್ತು. ನ್ಯೂಯಾರ್ಕಿನ ಇನ್ನೊಂದು ದಾವೆ 2016ರ ಜನವರಿಯಲ್ಲಿ ರಾಜಿಗೆ ಬಂತು. ಆದರೆ 1985ರ ರಾಜಿಯನ್ನೂ 2003ರ ಸಡಿಲಿಕೆಯನ್ನೂ ಒಪ್ಪಿದ್ದ ಅದೇ ನ್ಯಾಯಾಧೀಶ ಚಾರ್ಲ್ಸ್ ಹೈಟ್, ಈ ರಾಜಿ ಸಾಲದೆಂದು ಹಿಂದಕ್ಕೆ ಕಳಿಸಿದರು. ಪೊಲೀಸರ ಕಡತಗಳನ್ನು ಪರಿಶೀಲಿಸಿದ್ದ ಇನ್‌ಸ್ಪೆಕ್ಟರ್ ಜನರಲ್, ಅರ್ಧಕ್ಕೂ ಹೆಚ್ಚು ತನಿಖೆಗಳು ಅನುಮತಿಯ ಅವಧಿ ಮುಗಿದ ಮೇಲೂ ಮುಂದುವರಿದಿದ್ದವೆಂದು ಅದೇ ವರ್ಷ ವರದಿ ಮಾಡಿದ್ದರು. ಬಿಗಿಗೊಂಡ ರಾಜಿ 2017ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ಧರ್ಮವೇ ಮುಖ್ಯ ಕಾರಣವಾಗಿ ಯಾರ ಮೇಲೂ ತನಿಖೆ ಸಲ್ಲದು, ತನಿಖೆಗೆ ಕಾಲಮಿತಿ ಬೇಕು, ಬೇರೆ ದಾರಿಯಿದ್ದಾಗ ಗೂಢಚಾರನನ್ನು ಕಳಿಸಬಾರದು, ಸಮಿತಿಯಲ್ಲಿ ಇಲಾಖೆಯ ಹೊರಗಿನ ಒಬ್ಬ ವಕೀಲ ಕೂರಬೇಕು. ಉಲ್ಲಂಘನೆ ಕಂಡರೆ ಅವರು ನ್ಯಾಯಾಧೀಶರಿಗೇ ತಿಳಿಸಬಹುದು.

ನಮ್ಮ ದೇಶದಲ್ಲೇನು ಎಂದೂ ಯುವಕರು ಕೇಳಿಯಾರು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಅದರೊಳಗೆ ಸರಕಾರ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಬದ್ಧ ಉದ್ದೇಶವಿರಬೇಕು, ಕ್ರಮವು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.