ಕಾರು ತೊಟ್ಟಿಲಾದಾಗ

ನಾವು ಮೂರು ಜನ. ಒಬ್ಬ ಕೊಳ್ಳೇಗಾಲ, ಒಬ್ಬ ಹನೂರು, ಒಬ್ಬಳು ಯಳಂದೂರು. ಮೂವರೂ ಮೆಕ್ಯಾನಿಕಲ್, ಮೂರನೇ ಸೆಮ್. ದೀಪಾವಳಿ ರಜೆಯಲ್ಲಿ ಹನೂರಿನವನ ಮನೆ ಕಾರಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿದ್ವಿ, ಜೊತೆಗೆ ಅವನ ಅಜ್ಜಿ. ಹೋಗುವಾಗ ಕೌದಳ್ಳಿ ದಾಟೋವರೆಗೂ ಏನೂ ಗೊತ್ತಾಗಲಿಲ್ಲ. ವಾಪಸ್ ತಾಳುಬೆಟ್ಟದ ಕಡೆ ಇಳಿಯುವಾಗ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರಿನ ಮೂತಿ ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು. ಹಿಂದಿನ ಸೀಟಿನಿಂದ ಅಜ್ಜಿ, "ನಿದಾನಕ್ಕೋಗ್ಲಾ, ತೊಟ್ಲಲ್ಲಿ ಕುಂತಂಗಾಯ್ತದೆ" ಅಂದ್ರು. ನಾವು ನಕ್ಕೆವು. ಮುಂದಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೂ ಕಾರು ಒಂದು ಕ್ಷಣ ನೇರವಾಗೇ ಹೋಯ್ತು. ಆಮೇಲೆ ಯಾರೂ ನಗಲಿಲ್ಲ.

ಕೆಳಗೆ ಇಳಿದು ನೋಡಿದರೆ ಮುಂದಿನ ಎಡಗಡೆ ಸ್ಟ್ರಟ್ ಮೇಲೆ ಎಣ್ಣೆ, ಎಣ್ಣೆಗೆ ಅಂಟಿಕೊಂಡ ಧೂಳು. ಸೀಲು ಹೋಗಿತ್ತು.

ಶಾಕ್ ಹೋದರೆ ಸವಾರಿ ಸ್ವಲ್ಪ ಕುಲುಕುತ್ತೆ, ಅಷ್ಟೇ ಅಂತ ನಾವೂ ಅಂದುಕೊಂಡಿದ್ವಿ. ಹಾಗಲ್ಲ. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ನಿಲ್ಲಿಸುವುದು ಸ್ಟ್ರಟ್ ಒಳಗಿನ ಡ್ಯಾಂಪರ್. ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್, ಅದರಲ್ಲಿ ಸಣ್ಣ ಸಣ್ಣ ತೂತು. ಎಣ್ಣೆ ಆ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತೆ. ಎಣ್ಣೆ ಸೋರಿದರೆ ತಡೆಯೋರೇ ಇಲ್ಲ.

ಮ್ಯಾಥ್ಸ್‌ನಲ್ಲಿ ಸೆಕೆಂಡ್ ಆರ್ಡರ್ ಡಿಫರೆನ್ಶಿಯಲ್ ಈಕ್ವೇಶನ್ ಯಾಕಪ್ಪಾ ಓದಬೇಕು ಅಂತ ಬೈಕೊಂಡಿದ್ದ ಮೂವರೂ ಅವತ್ತು ರಾತ್ರಿ ಲೆಕ್ಕ ಹಾಕಲು ಕೂತ್ವಿ. ಒಂದು ಚಕ್ರದ ಪಾಲಿಗೆ 225 ಕೆಜಿ, ಸ್ಪ್ರಿಂಗ್ ಒಂದು ಮಿಲಿಮೀಟರ್ ಅದುಮಲು 20 ನ್ಯೂಟನ್ ಅಂತ ಇಟ್ಟುಕೊಳ್ಳಿ. ಆಗ ಕಾರು ಸೆಕೆಂಡಿಗೆ ಸುಮಾರು ಒಂದೂವರೆ ಸಲ ಕುಣಿಯುತ್ತೆ. ಡ್ಯಾಂಪಿಂಗ್ ರೇಶಿಯೋ 0.3 ಇದ್ದರೆ ಒಂದು ಸುತ್ತು ಕುಣಿದ ಮೇಲೆ ಉಳಿಯುವುದು ಏಳರಲ್ಲಿ ಒಂದು ಪಾಲು. ಅದು 0.1ಕ್ಕೆ ಇಳಿದರೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಕುಣಿತ ಮುಗಿಯೋದರೊಳಗೆ ಕಾರು ಏಳು ಮೀಟರ್ ಮುಂದೆ ಹೋಗಿರುತ್ತೆ. ಟೈರ್ ಮೇಲಿನ ಭಾರ ಹಗುರಾದ ಆ ಹೊತ್ತಿನಲ್ಲಿ ಹಿಡಿತ ಕಮ್ಮಿ. ಬ್ರೇಕು, ಸ್ಟೀರಿಂಗು ಎರಡೂ ಆ ಹಿಡಿತವನ್ನೇ ನಂಬಿಕೊಂಡಿವೆ. ಬೆಟ್ಟದ ತಿರುವಿನಲ್ಲಿ ಏಳು ಮೀಟರ್ ಅಂದರೆ ಏನು ಅಂತ ನಮಗೆ ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮ ಬಹುತೇಕ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು. ಡ್ಯಾಂಪರ್, ಸ್ಪ್ರಿಂಗ್, ಚಕ್ರ ತಿರುಗುವ ಕೀಲು ಎಲ್ಲಾ ಒಂದೇ ಕಂಬದಲ್ಲಿ. ಜಾಗ ಕಮ್ಮಿ, ಖರ್ಚೂ ಕಮ್ಮಿ. ತೊಂದರೆ ಏನಂದರೆ ಡ್ಯಾಂಪರ್ ಒಂದನ್ನೇ ಬದಲಾಯಿಸಬೇಕಾದರೂ ಸ್ಪ್ರಿಂಗ್ ಬಿಚ್ಚಲೇಬೇಕು. ಇದಕ್ಕೆ ಆಮೇಲೆ ಬರ್ತೀವಿ.

ಬಿಚ್ಚೋಕೆ ಮುಂಚೆ ಏನು ಹೋಗಿದೆ ಅಂತ ನೋಡಿ. ಸುಮ್ಮನೆ ಎಲ್ಲಾ ಪಾರ್ಟ್ ತಗೊಂಡರೆ ದುಡ್ಡು ದಂಡ. ಮೂಲೆ ಒತ್ತಿ ಬಿಟ್ಟಾಗ ಕಾರು ಒಂದು ಸಲ ಎದ್ದು ನಿಲ್ಲಬೇಕು. ಆದರೆ ಈ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಸ್ಟ್ರಟ್ ಮಾತ್ರ ಸಿಕ್ಕಿಬೀಳುತ್ತೆ. ಟೈರ್ ಮೇಲೆ ಕೈ ಆಡಿಸಿ, ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಅನುಮಾನ ಪಡಿ. ಸಣ್ಣ ಗುಂಡಿಯಲ್ಲೂ ಟಕ್ ಟಕ್ ಅಂದರೆ ಲಿಂಕ್ ರಾಡ್ ಇರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕರ್ ಅಂದರೆ ಸ್ಟ್ರಟ್ ಮೇಲಿನ ಬೇರಿಂಗ್ ಮೇಲೆ ಕಣ್ಣಿಡಿ. ನಮ್ಮ ಕಾರಲ್ಲಿ ಸ್ಟ್ರಟ್ ಜೊತೆಗೆ ಲೋಯರ್ ಆರ್ಮ್ ಬುಷ್ಷೂ ಬಿರುಕು ಬಿಟ್ಟಿತ್ತು.

"ಒಂದ್ ಕಡೆ ತಾನೆ ಸೋರ್ತಿರದು, ಒಂದೇ ತಕ್ಕೊಂಡ್ರೆ ಸಾಲ್ದಾ?" ಅಂತ ಅವನ ಅಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ, ದುಡ್ಡು ಅವರದು. ಆದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಆದರೆ ಬ್ರೇಕ್ ಹಾಕಿದಾಗ ಕಾರು ಎರಡೂ ಕಡೆ ಒಂದೇ ಥರ ನಡ್ಕೊಳ್ಳಲ್ಲ. ಸ್ಟ್ರಟ್ ಯಾವಾಗಲೂ ಜೋಡಿಯಾಗೇ ಬದಲಾಗಬೇಕು.

ಸೆಮ್ ರಜೆಗೆ ಕೆಲಸ ಶುರು ಮಾಡಿದ್ವಿ. ಅಲ್ಲಿವರೆಗೆ ಕಾರು ಬೆಟ್ಟದ ಕಡೆ ಮುಖ ಹಾಕಿರಲಿಲ್ಲ. ಹನೂರಿನ ಅಂಗಳ ಮಣ್ಣಿನದು, ಜಾಕಿ ಸ್ಟ್ಯಾಂಡ್ ಹೂತುಹೋಗುತ್ತೆ. ಹಾಗಾಗಿ ಕೆಳಗೆ ಕಲ್ಲು ಚಪ್ಪಡಿ ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ವಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ. ಚಕ್ರ ತೆಗೆದು, ಬ್ರೇಕ್ ಪೈಪನ್ನು ಸ್ಟ್ರಟ್‌ನಿಂದ ಬಿಡಿಸಿ, ಕೆಳಗಿನ ಎರಡು ದಪ್ಪ ಬೋಲ್ಟ್ ಎಲ್ಲಿ ಕೂತಿದ್ದವು ಅಂತ ಗುರುತು ಹಾಕಿಕೊಂಡು ಬಿಚ್ಚಿದ್ವಿ. ಆಮೇಲೆ ಬಾನೆಟ್ ಒಳಗಿನ ಸುತ್ತಿನ ನಟ್‌ಗಳು. ಕೊನೇ ನಟ್ ಬಿಚ್ಚುವಾಗ ಒಬ್ಬರು ಕೆಳಗಿಂದ ಸ್ಟ್ರಟ್ ಹಿಡಿದಿರಬೇಕು. ನಟ್ಟನಡುವಿನ ನಟ್ ಮಾತ್ರ ಮುಟ್ಟಬೇಡಿ. ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೇ.

ಎಷ್ಟು ಅದುಮಿ? ಅದೇ ಸ್ಪ್ರಿಂಗನ್ನು 150 ಮಿಲಿಮೀಟರ್ ಅದುಮಿದರೆ ಒಳಗೆ 225 ಜೂಲ್ ಇರುತ್ತೆ. ಹತ್ತು ಕೆಜಿ ಕಲ್ಲು ಏಳೂವರೆ ಅಡಿ ಮೇಲಿಂದ ಬಿದ್ದಷ್ಟು. ಕೈಯಲ್ಲಿ ತಿರುಗಿಸುವ ಕೊಕ್ಕೆ ಕಂಪ್ರೆಸರ್ ಬಾಡಿಗೆಗೆ ಸಿಗುತ್ತಿತ್ತು. ಕೊಕ್ಕೆ ಜಾರಿದರೆ ಆ ಕಲ್ಲು ಎಲ್ಲಿಗೆ ಬೀಳುತ್ತೆ ಅಂತ ಯೋಚಿಸಿ ಬೇಡ ಅಂದ್ವಿ. ಹಳೇ ಸ್ಟ್ರಟ್, ಹೊಸ ಸ್ಟ್ರಟ್ ಎಲ್ಲಾ ಅಕ್ಕಿ ಚೀಲಕ್ಕೆ ತುಂಬಿ ಬಸ್ಸಲ್ಲಿ ಕೊಳ್ಳೇಗಾಲಕ್ಕೆ ಹೊತ್ಕೊಂಡು ಹೋದ್ವಿ. ಕಂಡಕ್ಟರ್ ಚೀಲ ಒದ್ದು ನೋಡಿ, "ಏನ್ರಪ್ಪಾ ಇದು, ತೋಪಾ?" ಅಂದ್ರು. ಗ್ಯಾರೇಜಿನಲ್ಲಿ ನೆಲಕ್ಕೆ ಬಿಗಿದ ಪ್ರೆಸ್ ಇತ್ತು, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಮೇಲಿನ ಬೇರಿಂಗೂ ಅಲ್ಲೇ ಬದಲಾಯಿಸಿಸಿದ್ವಿ.

ಹೊರಡುವಾಗ ಮೆಕ್ಯಾನಿಕ್ ಅಣ್ಣ ಕೇಳಿದ್ರು: "ಬುಷ್ ಬೋಲ್ಟ್ ಯಾವಾಗ ಬಿಗಿ ಮಾಡುದ್ರಿ?" ಚಕ್ರ ನೇತಾಡ್ತಿರುವಾಗಲೇ ಅಂದ್ವಿ. ಅವರು ತಲೆ ಚಚ್ಚಿಕೊಂಡರು. ಬುಷ್ ಅಂದರೆ ಎರಡು ಲೋಹದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಕಾರು ನೆಲಕ್ಕೆ ಇಳಿದ ಮೇಲೆ ರಬ್ಬರ್ ಇಡೀ ದಿನ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ವಾಪಸ್ ಬಂದು ಸ್ಟ್ರಟ್ ಕೂರಿಸಿ, ಬುಷ್ ಬೋಲ್ಟ್ ಸಡಿಲಿಸಿ, ಕಾರಿನ ಭಾರ ಪೂರ್ತಿ ಚಕ್ರದ ಮೇಲೆ ಬಿದ್ದ ಮೇಲೆ ಮತ್ತೆ ಬಿಗಿ ಮಾಡಿದ್ವಿ. ಟಾರ್ಕ್ ವ್ರೆಂಚ್ ಅವರೇ ಕೊಟ್ಟಿದ್ದರು. ಎಷ್ಟಕ್ಕೆ ಬಿಗಿ ಮಾಡಬೇಕು ಅನ್ನೋದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಕೈ ಅಂದಾಜು ಬೇಡ.

ಮಾರನೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿದ್ವಿ. ನಾವು ಹಾಕಿದ ಗುರುತು ಅಲ್ಲಿವರೆಗೆ ನಿಧಾನಕ್ಕೆ ಓಡಿಸಿಕೊಂಡು ಹೋಗೋಕೆ ಮಾತ್ರ. ಆಮೇಲೆ ಯಳಂದೂರಿನ ಮೇಲೆ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿ ಇಳಿದ್ವಿ. ಅಜ್ಜಿ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಹಿಂದಿನ ಶಾಕ್‌ಗಳು ಇನ್ನೂ ಹಳೇವೇ, ಅವಕ್ಕೆ ಅವನ ಅಪ್ಪ ಮುಂದಿನ ರಜೆಯಲ್ಲಿ ದುಡ್ಡು ಕೊಡ್ತಾರಂತೆ.