ಕಾಲು ಮೈಲಿಯ ಹುಚ್ಚು, ಕಾಯಿದೆಯ ಕಡಿವಾಣ

ಅಮೆರಿಕದವರಿಗೆ ಮಸ್ಟಾಂಗ್ ಹೇಗೋ ನಮ್ಮವರಿಗೆ ಕಾಂಟೆಸ್ಸಾ ಹಾಗೆ. ಉದ್ದನೆಯ ಮೂತಿ, ಅಗಲವಾದ ಮೈ, ನಿಂತರೆ ಮಲ್ಲನ ಠೀವಿ. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ರಸ್ತೆಗಿಳಿಸಿದಾಗ ಒಳಗಿದ್ದುದು ಮಾತ್ರ ಅಂಬಾಸಿಡರಿನ ಬಡಪಾಯಿ ಎಂಜಿನ್ನೇ! ಕಾಲು ಮೈಲಿಯ, ಎಂದರೆ 402 ಮೀಟರಿನ, ನೇರ ಓಟದ ಹುಚ್ಚು ಹತ್ತಿದವರು ಆ ಹೃದಯವನ್ನೇ ಬದಲಿಸಹೊರಟುದರಲ್ಲಿ ಆಶ್ಚರ್ಯವೇನಿದೆ? ರಾಜಾಜಿನಗರದ ಕೈಗಾರಿಕಾ ವಸಾಹತಿನ ನೆರೆಯಲ್ಲಿ ಅದಕ್ಕೆ ಬೇಕಾದ ಕೈಚಳಕಕ್ಕೂ ಬಡತನವಿಲ್ಲ.

ಬಡತನವಿರುವುದು ಅನುಮತಿಗೆ. ವಾಹನದ ಮೂಲರಚನೆಯನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾಯಿದೆಯ ತಿದ್ದುಪಡಿಯಾಗಿ, ಸರ್ಕಾರದ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಹೂಡುವವರ ದಂಡದ ಮಿತಿ 500 ರೂಪಾಯಿಗಳಿಂದ 5,000ಕ್ಕೆ ಏರಿತು; ಮೂರು ತಿಂಗಳವರೆಗೆ ಸೆರೆವಾಸವೂ ಉಂಟು. ಇದು ನ್ಯಾಯವೇ, ಮೈಸೂರು ರಸ್ತೆ ಯಾರೊಬ್ಬರ ಗರಡಿಯಲ್ಲ.

ತೊಡಕಿರುವುದು 2021ರ ‘ವಿಂಟೇಜ್’ ನಿಯಮಗಳಲ್ಲಿ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ಮಾತ್ರ ಆ ಪಟ್ಟ. ಎಂಜಿನ್ ತಿದ್ದಿದವನಿಗೆ ಅದು ದಕ್ಕದು. ದಕ್ಕಿದವನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಲ್ಲದೆ ದಿನದ ಓಡಾಟಕ್ಕೆ ಬಂಡಿಯನ್ನು ಹೊರತೆಗೆಯುವಂತಿಲ್ಲ. ಕಾಂಟೆಸ್ಸಾಗಳ ಹಿರಿಯಣ್ಣನಿಗೂ 2034ಕ್ಕೆ ಮೊದಲು ಆ ಭಾಗ್ಯವಿಲ್ಲ. ತಯಾರಿಕೆ 2002ರಲ್ಲೇ ನಿಂತುದರಿಂದ ಉಳಿದವೆಲ್ಲ ಇಪ್ಪತ್ತು ದಾಟಿದ ಮುದಿಬಂಡಿಗಳು. ಅಂಥವುಗಳ ನೋಂದಣಿಯ ನವೀಕರಣಕ್ಕೆ 600 ರೂಪಾಯಿಗಳಿದ್ದುದು 2022ರಲ್ಲಿ 5,000, 2025ರಲ್ಲಿ 10,000 ಆಯಿತು.

ಓಡಲೇಬೇಕೆನ್ನುವವರು ಬಂಡಿಯನ್ನು ಲಾರಿಗೇರಿಸಿ ಚೆನ್ನೈ ಬಳಿಯ ಇರುಂಗಾಟುಕೋಟೆಯ ಪಂದ್ಯಪಥಕ್ಕೆ ಒಯ್ಯಬೇಕು. ಹದಿನೈದಿಪ್ಪತ್ತು ಸೆಕೆಂಡುಗಳ ಓಟಕ್ಕೆ ಸುಮಾರು ಮುನ್ನೂರು ಕಿಲೋಮೀಟರುಗಳ ಪಯಣ!