ಮೊದಲು ಕವಚ, ಆಮೇಲೆ ಕ್ಯಾಮೆರಾ

ಮುರುಡೇಶ್ವರದಿಂದ ದೋಣಿಯಲ್ಲಿ ತಲುಪಬಹುದಾದ ನೇತ್ರಾಣಿ ದ್ವೀಪದ ಸುತ್ತಲಿನ ಕಡಲಿನಲ್ಲಿ, ಮಳೆಗಾಲ ಮುಗಿದು ಅಲೆಗಳ ಅಬ್ಬರ ತಗ್ಗಿದ ಮೇಲೆ, ಸ್ಕೂಬಾ ಡೈವಿಂಗ್ ಆರಂಭವಾಗುತ್ತದೆ. ಸಿಲಿಂಡರಿನಲ್ಲಿ ತುಂಬಿದ ಗಾಳಿಯನ್ನು ಉಸಿರಾಡುತ್ತ ನೀರಿನೊಳಗೆ ಸಂಚರಿಸುವ ಈ ವಿದ್ಯೆಯನ್ನು ಕಲಿತವರಲ್ಲಿ ಅನೇಕರಿಗೆ, ಕೆಳಗೆ ಕಂಡ ಹವಳಗಳನ್ನೂ ಮೀನುಗಳನ್ನೂ ಚಿತ್ರದಲ್ಲಿ ಹಿಡಿಯುವ ಆಸೆ ಬಹುಬೇಗ ಹುಟ್ಟುತ್ತದೆ. ಅಂಥವರು ಸಾಮಾನ್ಯವಾಗಿ ಮೊದಲು ಕಿರುಗಾತ್ರದ ಕ್ಯಾಮೆರಾವೊಂದನ್ನು ಆರಿಸಿಕೊಂಡು, ಅದಕ್ಕೆ ತೊಡಿಸಬೇಕಾದ ಜಲನಿರೋಧಕ ಕವಚವನ್ನು, ಅಂದರೆ ಡೈವರ್‌ಗಳು ಹೌಸಿಂಗ್ ಎಂದು ಕರೆಯುವ ಪೆಟ್ಟಿಗೆಯನ್ನು, ಆಮೇಲೆ ಹುಡುಕಲು ಹೊರಡುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡುವುದೇ ಸರಿ. ಏಕೆಂದರೆ ನೀರಿನೊಳಗೆ ಯಾವ ಗುಂಡಿಯನ್ನು ಒತ್ತಬಹುದು, ಹೊರಗಿನಿಂದ ಯಾವ ಮಸೂರವನ್ನು ಜೋಡಿಸಬಹುದು, ಎಷ್ಟು ಆಳಕ್ಕೆ ಇಳಿಯಬಹುದು, ಹೊರದೀಪವನ್ನು ಹೇಗೆ ಬೆಳಗಿಸಬಹುದು ಎಂಬುದೆಲ್ಲ ಕ್ಯಾಮೆರಾಕ್ಕಿಂತ ಹೆಚ್ಚಾಗಿ ಆ ಕವಚದಿಂದಲೇ ನಿರ್ಧಾರವಾಗುತ್ತದೆ.

ಈ ಕಲೆಯ ಆರಂಭದಲ್ಲಿಯೇ ಈ ಸತ್ಯ ಗೋಚರಿಸಿತ್ತು. 1893ರಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಬಾನ್ಯೂಲ್ಸ್‌ನಲ್ಲಿ ಸಮುದ್ರದಡಿಯ ಛಾಯಾಗ್ರಹಣಕ್ಕೆ ತೊಡಗಿದ ಪ್ರಾಣಿಶಾಸ್ತ್ರಜ್ಞ ಲೂಯಿ ಬೂತಾನ್ ತನ್ನ ಶ್ರಮದ ಬಹುಪಾಲನ್ನು ವ್ಯಯಿಸಬೇಕಾದದ್ದು ನೀರು ನುಗ್ಗದ ಪೆಟ್ಟಿಗೆಯೊಂದನ್ನು ಮಾಡಿಸುವುದಕ್ಕೆ ಮತ್ತು ಮೆಗ್ನೀಸಿಯಂ ಉರಿಸಿ ನೀರಿನಡಿ ಬೆಳಕು ಪಡೆಯುವುದಕ್ಕೆ.

ಸಮುದ್ರದಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತ ಹೋಗುವುದರಿಂದ, 30 ಮೀಟರ್ ಆಳದಲ್ಲಿರುವ ವಸ್ತುವಿನ ಮೇಲೆ ಮೇಲ್ಮೈಯಲ್ಲಿರುವುದಕ್ಕಿಂತ ನಾಲ್ಕು ಪಟ್ಟು ಒತ್ತಡ ಬೀಳುತ್ತದೆ. ಕೆಲವು ಕ್ಯಾಮೆರಾಗಳು ಕವಚವಿಲ್ಲದೆಯೂ ನೀರನ್ನು ತಡೆಯಬಲ್ಲವು. 2023ರಲ್ಲಿ ಬಂದ ಓಎಂ ಸಿಸ್ಟಂ ಕಂಪನಿಯ ಟಿಜಿ-7 ಅಂಥದ್ದು. ಆದರೆ ಅದರ ಮಿತಿ 15 ಮೀಟರ್, ಡೈವಿಂಗಿನ ಮೊದಲ ಹಂತದ ತರಬೇತಿ ಪಡೆದವರಿಗೆ ಅನುಮತಿಯಿರುವ ಆಳವೋ 18 ಮೀಟರ್; ಆದ್ದರಿಂದ ಸ್ಕೂಬಾಕ್ಕೆ ಹೌಸಿಂಗ್ ಬೇಕೇ ಬೇಕು. ಇದಕ್ಕೆ ಸಿಗುವ ಪಿಟಿ-059 ಎಂಬ ಪಾರದರ್ಶಕ ಕವಚ 45 ಮೀಟರಿನವರೆಗೆ ತಡೆಯುತ್ತದೆ ಮತ್ತು ಒಳಗಿನ ಕ್ಯಾಮೆರಾವೇ ಜಲನಿರೋಧಕವಾದ್ದರಿಂದ, ಕಡಿಮೆ ಆಳದಲ್ಲಿ ಕವಚದೊಳಗೆ ನೀರು ಸೋರಿದರೂ ಕ್ಯಾಮೆರಾ ಉಳಿಯುವ ಸಾಧ್ಯತೆ ಹೆಚ್ಚು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, 2019ರ ಟಿಜಿ-6ಕ್ಕಾಗಿ ತಯಾರಾದ ಕವಚವೇ ಟಿಜಿ-7ಕ್ಕೂ ಹೊಂದುತ್ತದೆ. ಇಂಥ ಅನುಕೂಲ ಅಪರೂಪ. ಸಾಮಾನ್ಯವಾಗಿ ಒಂದು ಹೌಸಿಂಗ್ ಒಂದೇ ಮಾದರಿಗೆ ಮಾತ್ರ ಕೂರುತ್ತದೆಯಾದ್ದರಿಂದ, ಮಾದರಿಯ ತಯಾರಿಕೆ ನಿಂತ ಮೇಲೆ ಕ್ಯಾಮೆರಾ ಕೆಟ್ಟರೆ ಕವಚವೂ ನಿರುಪಯುಕ್ತವಾಗುತ್ತದೆ.

ಕವಚಗಳನ್ನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದಲೋ ಅಲ್ಯೂಮಿನಿಯಂನಿಂದಲೋ ಮಾಡುತ್ತಾರೆ. ಪ್ಲಾಸ್ಟಿಕ್ಕಿನದು ಅಗ್ಗ ಮತ್ತು ಹಗುರ, ಪಾರದರ್ಶಕವಾಗಿದ್ದರೆ ಒಳಗೆ ಹನಿ ಸೇರಿದ್ದು ಕೂಡಲೇ ಕಾಣುತ್ತದೆ; ಆದರೆ ಶಾಖ ಸುಲಭವಾಗಿ ಹೊರಹೋಗದೆ ಒಳಗಿನ ಆರ್ದ್ರ ಗಾಳಿ ಗಾಜಿನ ಮೇಲೆ ಮಂಜಾಗಿ ಕೂರುವುದುಂಟು, ಅದಕ್ಕಾಗಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಅಲ್ಯೂಮಿನಿಯಂ ಕವಚ ದುಬಾರಿಯಾದರೂ ಬಾಳಿಕೆ ಬರುತ್ತದೆ, ಹಲವು 100 ಮೀಟರಿನವರೆಗೂ ತಡೆಯುತ್ತವೆ.

ಸೆನ್ಸರ್, ಅಂದರೆ ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಫಲಕ, ದೊಡ್ಡದಿದ್ದಷ್ಟೂ ಮಂದ ಬೆಳಕಿನಲ್ಲಿ ಚಿತ್ರ ಶುದ್ಧವಾಗಿ ಮೂಡುತ್ತದೆ. ಟಿಜಿ ಮಾದರಿಗಳ ಸೆನ್ಸರಿಗಿಂತ ಸೋನಿ ಆರ್‌ಎಕ್ಸ್100 ಸರಣಿಯ ಒಂದು ಇಂಚು ಎಂದು ಕರೆಯಲಾಗುವ ಸೆನ್ಸರಿನ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ಹಾಗಿದ್ದರೂ ಒಂದು ಸೆಂಟಿಮೀಟರಿನಷ್ಟು ಹತ್ತಿರದಿಂದ ಸೂಕ್ಷ್ಮ ಜೀವಿಗಳನ್ನು ಹಿಡಿಯಬಲ್ಲ ಟಿಜಿಯೇ ಹೊಸಬರಿಗೆ ಉತ್ತಮ ಆಯ್ಕೆ. ಬಣ್ಣಬಣ್ಣದ ಕಡಲ ಬಸವನಹುಳುಗಳು ಅದರಲ್ಲಿ ಪಡಿಮೂಡುವಷ್ಟು ಸ್ಪಷ್ಟವಾಗಿ ಬೇರೆ ಕಿರು ಕ್ಯಾಮೆರಾಗಳಲ್ಲಿ ಹೆಚ್ಚುವರಿ ಮಸೂರವಿಲ್ಲದೆ ಮೂಡುವುದು ಕಷ್ಟ.

ಜೂಮ್ ಎಷ್ಟಿದೆ ಎಂದು ಅಂಗಡಿಯಲ್ಲಿ ಕೇಳುವುದು ವಾಡಿಕೆ, ಆದರೆ ನೀರಿನಲ್ಲಿ ಬೇಕಾಗುವುದು ಅದಕ್ಕೆ ವಿರುದ್ಧವಾದದ್ದು. ನೀರಿನಿಂದ ಕವಚದ ಸಪಾಟು ಗಾಜಿನ ಮೂಲಕ ಗಾಳಿಗೆ ಬರುವಾಗ ಬೆಳಕು ವಕ್ರೀಭವನಕ್ಕೆ ಒಳಗಾಗಿ ಬಾಗುವುದರಿಂದ, ವಸ್ತುಗಳು ಕಾಲು ಭಾಗದಷ್ಟು ಹತ್ತಿರ ಮತ್ತು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ದಂಡೆಯ ಮೇಲೆ 84 ಡಿಗ್ರಿ ನೋಟವಿರುವ 24 ಮಿಲಿಮೀಟರ್ ಮಸೂರ ನೀರಿನೊಳಗೆ ಸುಮಾರು 60 ಡಿಗ್ರಿಗೆ ಕುಗ್ಗುತ್ತದೆ. ನೋಟ ಕಿರಿದಾದರೆ ಡೈವರ್ ಹಿಂದೆ ಸರಿಯಬೇಕಾಗುತ್ತದೆ, ಹಿಂದೆ ಸರಿದಷ್ಟೂ ನಡುವಿನ ನೀರು ಹೆಚ್ಚಿ ಚಿತ್ರ ಮಸುಕಾಗುತ್ತದೆ. ಇದಕ್ಕೆ ಪರಿಹಾರವೆಂದರೆ ವೆಟ್ ಲೆನ್ಸ್, ಅಂದರೆ ಹೌಸಿಂಗಿನ ಹೊರಗೆ, ನೀರಿನಲ್ಲಿದ್ದುಕೊಂಡೇ ತೊಡಿಸಿ ತೆಗೆಯಬಹುದಾದ ವಿಶಾಲನೋಟದ ಮಸೂರ. ಜೂಮ್ ಉದ್ದವಿರುವ ಕ್ಯಾಮೆರಾದ ಕವಚಕ್ಕೆ ಮುಂಭಾಗವೂ ಉದ್ದ ಬೇಕಾಗಿ, ಹಾಗೆ ತೊಡಿಸಿದ ಮಸೂರ ದೂರ ಸರಿದು ಚಿತ್ರದ ಮೂಲೆಗಳು ಕಪ್ಪಾಗುವುದರಿಂದ, 24ರಿಂದ 70 ಮಿಲಿಮೀಟರಿನ ಸಾಧಾರಣ ಜೂಮ್ ಇರುವ ಮಾದರಿಗಳೇ ಲೇಸು.

ಇಷ್ಟೆಲ್ಲ ಆದ ಮೇಲೂ ಬೆಳಕಿಗೆ ಹಣ ಉಳಿದಿರಬೇಕು. ನೀರು ಕೆಂಪು ಬಣ್ಣವನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ, ಕೆಲವೇ ಮೀಟರುಗಳ ಆಳದಲ್ಲಿ ಕೆಂಪು ಮೀನು ಬೂದಾಗಿ ಕಾಣತೊಡಗುತ್ತದೆ, ಬಳಿಕ ಕಿತ್ತಳೆಯೂ ಹಳದಿಯೂ ಕರಗಿ ಕೊನೆಗೆ ನೀಲಿ ಮತ್ತು ಹಸಿರು ಉಳಿಯುತ್ತವೆ. ಬಿಸಿಲಿನ ಬೆಳಕು ಮೇಲ್ಮೈಯಿಂದ ಮೀನಿಗೆ ಬರುವ ದಾರಿಯಷ್ಟೇ ಅಲ್ಲ, ಮೀನಿನಿಂದ ಮಸೂರಕ್ಕೆ ಬರುವ ದಾರಿಯೂ ಈ ನಷ್ಟಕ್ಕೆ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಒಂದು ಮೀಟರಿನೊಳಗೆ ಹೋಗಿ ಚಿತ್ರ ತೆಗೆಯಬೇಕೆಂಬ ಡೈವರ್‌ಗಳ ನಿಯಮಕ್ಕೆ ಇದೇ ಕಾರಣ. ಕ್ಯಾಮೆರಾದಲ್ಲೇ ಇರುವ ಫ್ಲಾಶ್ ಮಸೂರಕ್ಕೆ ತೀರ ಹತ್ತಿರವಿರುವುದರಿಂದ ಅದರ ಬೆಳಕು ನೀರಿನಲ್ಲಿ ತೇಲುವ ಕಣಗಳಿಗೆ ತಗುಲಿ ನೇರ ಹಿಂದಿರುಗುತ್ತದೆ. ಆಗುಂಬೆಯ ಘಾಟಿಯಲ್ಲಿ ಮಂಜು ಕವಿದಾಗ ವಾಹನದ ದೀಪ ಜೋರಾದಷ್ಟೂ ದಾರಿ ಕಾಣದಾಗುವಂತೆ, ಇಲ್ಲಿಯೂ ಚಿತ್ರದ ತುಂಬ ಬಿಳಿ ಚುಕ್ಕೆಗಳಷ್ಟೇ ತುಂಬುತ್ತವೆ. ಆದ್ದರಿಂದ ಉದ್ದ ತೋಳಿನ ತುದಿಯಲ್ಲಿ ಪಕ್ಕಕ್ಕೆ ನಿಲ್ಲಿಸುವ ಸ್ಟ್ರೋಬ್ ಎಂಬ ಹೊರ ಫ್ಲಾಶ್ ಬೇಕಾಗುತ್ತದೆ. ಒಳಗಿನ ಫ್ಲಾಶಿನ ಮಿಂಚನ್ನು ಫೈಬರ್ ಆಪ್ಟಿಕ್ ಎಳೆಯ ಮೂಲಕ ಸಾಗಿಸಿ ಅದನ್ನು ಬೆಳಗಿಸಲಾಗುವುದರಿಂದ, ಕವಚದಲ್ಲಿ ಆ ಎಳೆ ಸಿಕ್ಕಿಸುವ ಜಾಗವಿದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಸ್ಟ್ರೋಬಿಲ್ಲದವರು ಕೆಂಪು ಫಿಲ್ಟರ್ ಹಾಕಿಕೊಂಡು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಕಡಿಮೆ ಆಳದಲ್ಲಿ ತಕ್ಕಮಟ್ಟಿನ ಬಣ್ಣ ಪಡೆಯಬಹುದು.

ಒಂದು ಮಾತು ಉಪಕರಣಕ್ಕಿಂತ ಮುಖ್ಯ. ನೀರಿನ ನಡುವೆ ಮೇಲೇರದೆ ಕೆಳಗಿಳಿಯದೆ ನಿಲ್ಲುವ ಹದ ಕೈವಶವಾಗುವ ತನಕ ಕ್ಯಾಮೆರಾ ಹಿಡಿಯುವುದು ಸಲ್ಲದು. ಚಿತ್ರದ ಗುಂಗಿನಲ್ಲಿ ಕಾಲು ಬಡಿದು ಮುರಿದ ಹವಳ ಮತ್ತೆ ಬೆಳೆಯಲು ಬಹುಕಾಲ ಬೇಕು, ಬಂಡೆಸಾಲು ಕಟ್ಟುವ ಹವಳಗಳು ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯಲ್ಲಿವೆ.

ಹೌಸಿಂಗಿನ ಎರಡು ಭಾಗಗಳ ನಡುವೆ ನೀರು ತಡೆಯುವುದು ಓ-ರಿಂಗ್ ಎಂಬ ತೆಳು ರಬ್ಬರ್ ಬಳೆ, ಅದರ ಮೇಲೆ ಒಂದು ಕೂದಲೋ ಮರಳ ಕಣವೋ ಕುಳಿತರೂ ಸೋರಿಕೆಗೆ ಸಾಕು. ಪ್ರತಿ ಸಲ ಅದನ್ನು ಒರೆಸಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಸವರಿ, ಡೈವ್ ಮುಗಿದ ಮೇಲೆ ಕವಚವನ್ನು ಸಿಹಿನೀರಿನಲ್ಲಿ ನೆನೆಸಿ ಗುಂಡಿಗಳನ್ನೆಲ್ಲ ಒತ್ತಿ ಉಪ್ಪು ಬಿಡಿಸಬೇಕು. ಹೊಸ ಕವಚವನ್ನು ಮೊದಲ ಬಾರಿ ಕ್ಯಾಮೆರಾವಿಲ್ಲದೆ, ತೇಲದಂತೆ ಸೀಸದ ತೂಕ ಕಟ್ಟಿ, ಒಳಗೆ ಒಣ ಟಿಶ್ಯೂ ಕಾಗದವಿಟ್ಟು ಆಳಕ್ಕೆ ಒಯ್ದು ತರಬೇಕು. ಕಾಗದದಲ್ಲಿ ತೇವ ಕಂಡರೆ ಕಾರಣ ಪತ್ತೆಯಾಗುವವರೆಗೆ ಕ್ಯಾಮೆರಾ ದಂಡೆಯ ಮೇಲೆಯೇ ಇರಬೇಕು.